ಮೊದಲು ನೀರು ನಿಲ್ಲಿಸಿ, ಆಮೇಲೆ ಬಣ್ಣ: ಹಳೆ ಕ್ಯಾರವಾನ್ ದುರಸ್ತಿ – ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರಿನ ಹಿಂದೆ ಎಳೆದೊಯ್ಯುವ, ಎರಡೇ ಚಕ್ರದ ಸಣ್ಣ ಕ್ಯಾರವಾನ್‌ಗಳ (ಒಳಗೆ ಮಲಗಲು, ಅಡುಗೆಗೆ ಜಾಗವಿರುವ ಪ್ರವಾಸದ ಗಾಡಿಗಳ) ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಪ್ರಶ್ನೆಗಳಿವು. ಬಣ್ಣ, ಪರದೆ, ಹಾಸಿಗೆ ಬಟ್ಟೆ ಕುರಿತ ಪ್ರಶ್ನೆಗಳನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಮಳೆನೀರು, ತೂಕ, ಚಕ್ರ ಈ ಮೂರು ಸರಿಯಾಗದೆ ಪರದೆ ಹೊಲಿಸಿದರೆ ದುಡ್ಡು ದಂಡ.

ಪ್ರಶ್ನೆ: ತೋಟದ ಗೋಡೌನ್ ಪಕ್ಕ ಹತ್ತಡಿ ಉದ್ದ, ಆರಡಿ ಅಗಲದ ಹಳೆ ಕ್ಯಾರವಾನ್ ನಿಂತಿದೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಮರದ ಚೌಕಟ್ಟು. ಬಾಗಿಲ ಹತ್ತಿರ ನೆಲ ಮೆತ್ತಗಾಗಿದೆ, ಚಾವಣಿ ಮೂಲೆಯಲ್ಲಿ ನೀರಿನ ಕಲೆ ಇದೆ. ಹಳೆ ನೆಲದ ಮೇಲೇ ಹೊಸ ಪ್ಲೈವುಡ್ ಕೂರಿಸಿ ವಿನೈಲ್ ಹಾಸಿದರೆ ಸಾಕೇ? – ಮೂಡಿಗೆರೆ

ಸಾಲದು. ಕುಂಬಾದ ಮರದ ಮೇಲೆ ಹೊಸ ಪ್ಲೈ ಬಿದ್ದರೆ ಕೆಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೆರಡು ಮಳೆಗಾಲದಲ್ಲಿ ಗೋಡೆಯ ಬುಡದ ಪಟ್ಟಿಯೂ ಕುಂಬಾಗಿ, ಚಾಸಿಸ್‌ಗೆ (ಗಾಡಿಯ ಕೆಳಗಿನ ಲೋಹದ ಚೌಕಟ್ಟಿಗೆ) ಬಿಗಿದ ಬೋಲ್ಟುಗಳು ಹಿಡಿತ ಕಳೆದುಕೊಳ್ಳುತ್ತವೆ. ಮೇಲಿನ ಪೆಟ್ಟಿಗೆ ಒಂದು ಕಡೆ, ಕೆಳಗಿನ ಗಾಡಿ ಇನ್ನೊಂದು ಕಡೆ ಅಲುಗಾಡತೊಡಗುವುದು ಆಗಲೇ.

ಮೊದಲು ಎಷ್ಟು ಹಾಳಾಗಿದೆ ಎಂದು ಗುರುತಿಸಿ. ದಬ್ಬಳ ಅಥವಾ ಚೂಪಾದ ಸ್ಕ್ರೂಡ್ರೈವರ್‌ನಿಂದ ಅರ್ಧ ಅಡಿಗೊಮ್ಮೆ ಚುಚ್ಚಿ ನೋಡಿ. ಗಟ್ಟಿ ಮರಕ್ಕೆ ದಬ್ಬಳ ಒಂದೆರಡು ಮಿ.ಮೀ. ಇಳಿದು ನಿಲ್ಲುತ್ತದೆ, ಕುಂಬಾದದ್ದಕ್ಕೆ ಸಲೀಸಾಗಿ ಹೋಗುತ್ತದೆ. ಚಾವಣಿ ಮತ್ತು ಗೋಡೆ ಕೂಡುವ ಮೂಲೆ, ಕಿಟಕಿಗಳ ಕೆಳಮೂಲೆ, ಗಾಳಿಕಿಂಡಿಯ ಸುತ್ತ, ಬಾಗಿಲ ಹೊಸ್ತಿಲು, ಚಕ್ರದ ಮೇಲಿನ ಕಮಾನು, ಈ ಐದು ಜಾಗ ಬಿಡಬೇಡಿ. ಕಲೆ ಕಂಡ ಜಾಗವೇ ನೀರು ನುಗ್ಗಿದ ಜಾಗ ಎಂದುಕೊಳ್ಳಬೇಡಿ. ಮುಂದಿನ ಮೂಲೆಯಲ್ಲಿ ನುಗ್ಗಿದ ನೀರು ಪಟ್ಟಿಯ ಮೇಲೆ ಹರಿದು ಬಾಗಿಲ ಬಳಿ ಇಳಿಯುವುದು ತೀರಾ ಮಾಮೂಲು. ನಿಮ್ಮ ನೆಲ ಮೆತ್ತಗಾದದ್ದಕ್ಕೂ ಆ ಚಾವಣಿ ಮೂಲೆಯೇ ಕಾರಣವಿರಬಹುದು.

ಒಳಗಿನ ಹಲಗೆ ಬಿಚ್ಚುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದು, ಪ್ರತಿ ತುಂಡಿಗೂ ಸಂಖ್ಯೆ ಬರೆಯಿರಿ. ಮುರಿದ ಹಲಗೆಯನ್ನೂ ಎಸೆಯಬೇಡಿ, ಹೊಸದನ್ನು ಕತ್ತರಿಸಲು ಅದೇ ಅಳತೆ. ಆತುರದವರು ಎಲ್ಲವನ್ನೂ ಒಂದೇ ದಿನ ಬಿಚ್ಚಿ ತಗಡನ್ನು ಬರಿದಾಗಿ ನಿಲ್ಲಿಸುತ್ತಾರೆ. ಇದರಷ್ಟು ದುಬಾರಿ ತಪ್ಪು ಇನ್ನೊಂದಿಲ್ಲ. ಪೆಟ್ಟಿಗೆಯ ಆಕಾರ ಹಿಡಿದಿರುವುದೇ ಆ ಮರದ ಚೌಕಟ್ಟು. ಅದು ಹೋದ ಮೇಲೆ ಪೆಟ್ಟಿಗೆ ಒಂದಿಂಚು ಸೊಟ್ಟಗಾದರೂ ಬಾಗಿಲು, ಕಿಟಕಿ ಮತ್ತೆ ಕೂರುವುದಿಲ್ಲ. ಒಳಗೆ ಕರ್ಣರೇಖೆಯಲ್ಲಿ ಎರಡು ರೀಪು ಅಡ್ಡ ಬಿಗಿದು, ಎರಡೂ ಕರ್ಣಗಳ ಅಳತೆ ಗೋಡೆಯ ಮೇಲೆ ಬರೆದಿಟ್ಟು, ಒಂದೊಂದೇ ಪಟ್ಟಿ ತೆಗೆದು ಒಂದೊಂದೇ ಹಾಕುತ್ತ ಹೋಗಿ. ಕುಂಬು ಕಣ್ಣಿಗೆ ಕಾಣುವಲ್ಲಿಂದ ಇನ್ನೂ ಅರ್ಧ ಅಡಿ ಆಚೆ, ಗಟ್ಟಿ ಮರದಲ್ಲಿ ಕತ್ತರಿಸಿ. ಹಳೆ, ಹೊಸ ಪಟ್ಟಿಗಳ ತುದಿಯನ್ನು ಹತ್ತು ಸೆಂ.ಮೀ. ಉದ್ದಕ್ಕೆ ಅರ್ಧರ್ಧ ದಪ್ಪ ಕೆತ್ತಿ ಒಂದರ ಮೇಲೊಂದು ಜೋಡಿಸಿ, ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಹಾಕಿ ಬಿಗಿಯಿರಿ.

ನೆಲಕ್ಕೆ ಐಎಸ್ 710 (ಮರೀನ್ ಪ್ಲೈವುಡ್‌ಗಿರುವ ಭಾರತೀಯ ಮಾನಕ) ಗುರುತಿನ 12 ಮಿ.ಮೀ. ಮರೀನ್ ಪ್ಲೈ ಸಾಕು. ನಿಮ್ಮ ಅಳತೆಗೆ 8×4 ಅಡಿಯ ಎರಡು ಹಾಳೆ ಸರಿಹೋಗುತ್ತವೆ. ಎರಡು ಹಾಳೆಯಿಂದಲೂ 6×4ರ ತುಂಡು ತೆಗೆದು ಅಡ್ಡಡ್ಡ ಹಾಕಿದರೆ ಎಂಟಡಿ ಮುಚ್ಚುತ್ತದೆ, ಉಳಿದ ಎರಡಡಿಗೆ ಮಿಕ್ಕ ತುಂಡುಗಳೇ ಆಗುತ್ತವೆ. ಕೂಡುಗೆರೆಗಳು ಅಡ್ಡಪಟ್ಟಿಯ ಮೇಲೆಯೇ ಬೀಳಬೇಕು. 'ಗಟ್ಟಿಯಾಗಿರಲಿ' ಎಂದು ಬಡಗಿ 19 ಮಿ.ಮೀ. ಹೇಳಿದರೆ ಒಪ್ಪಬೇಡಿ. 12ರ ಹಾಳೆ ಸುಮಾರು 24 ಕೆ.ಜಿ., 19ರದ್ದು ಸುಮಾರು 38. ಮನೆಯ ವಾರ್ಡ್‌ರೋಬಿಗೆ ಸರಿಯಾದ ಲೆಕ್ಕ ಗಾಡಿಗೆ ಸರಿಯಲ್ಲ. ಪ್ಲೈ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಆದ್ದರಿಂದ ಎಲ್ಲ ಅಂಚಿಗೂ, ಬೋಲ್ಟ್ ತೂತಿನ ಒಳಗೂ ಮೂರು ಕೋಟ್ ಎಪಾಕ್ಸಿ, ಕೆಳಮುಖಕ್ಕೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಹೊರಬದಿಗೆ ಬಳಸುವಂಥ ಎನಾಮಲ್. ಡಾಂಬರು ಬಳಿಯುವ ಹಳೆ ಪದ್ಧತಿ ಒಣಮರಕ್ಕಾದರೆ ಹೇಗೋ ನಡೆದೀತು, ತೇವದ ಮರಕ್ಕೆ ಬಳಿದರೆ ತೇವವನ್ನು ಒಳಗೇ ಬೀಗ ಹಾಕಿಟ್ಟಂತೆ.

ಕೆಲಸಕ್ಕೆ ಕಾಲ ನೋಡಿ ಇಳಿಯಿರಿ. ಡಿಸೆಂಬರ್‌ನಲ್ಲಿ ಬಿಚ್ಚಿ, ನೆರಳಲ್ಲಿ ಎರಡು ಮೂರು ವಾರ ಗಾಳಿಗೆ ಬಿಟ್ಟು, ತೇವ ಅಳೆಯುವ ಮೀಟರ್ ಶೇ. 15ರ ಆಸುಪಾಸು ತೋರಿಸಿದ ಮೇಲೆ ಮರಕೆಲಸ ಶುರು ಮಾಡಿ. ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ) ಮುಂಚೆ ಚಾವಣಿ ಮುಚ್ಚಿರಬೇಕು. ಡಿಸೆಂಬರ್ ಎಂದರೆ ಕಾಫಿ ಕೊಯ್ಲಿನ ಕಾಲವೂ ಹೌದು. ಕಣವೂ ಖಾಲಿ ಇರುವುದಿಲ್ಲ, ಆಳೂ ಸಿಗುವುದಿಲ್ಲ, ಆ ತಾಪತ್ರಯ ಇದ್ದದ್ದೇ. ಆದರೂ ಜೂನ್‌ನಲ್ಲಿ ಬಿಚ್ಚುವುದಕ್ಕಿಂತ ವಾಸಿ.

ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜಿ, ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳು ಹತ್ತಿರ ಬಾರದಿರಲಿ.

ಪ್ರಶ್ನೆ: ಚೌಕಟ್ಟಿಗೆ ನಮ್ಮ ತೋಟದ್ದೇ ಸಿಲ್ವರ್ ಓಕ್ ಬಳಸಬಹುದೇ? – ಆಲ್ದೂರು

ಹಗುರ, ನೇರ, ಕೈಗೆಟುಕುವ ಮರ. ಆದರೆ ಬಾಳಿಕೆ ಕಡಿಮೆ. ತೇವ ತಗುಲಿದರೆ ಬೇಗ ಕುಂಬಾಗುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಮಂಚದ ಚೌಕಟ್ಟು, ಕಪಾಟು, ಒಳಗಿನ ತಡಿಕೆಗೆ ಧಾರಾಳವಾಗಿ ಬಳಸಿ. ಗೋಡೆಯ ಬುಡದ ಪಟ್ಟಿ, ಚಾವಣಿಯ ಕಮಾನು, ಕಿಟಕಿ ಸುತ್ತಿನ ಮರಕ್ಕೆ ಬೇಡ. ಅಲ್ಲಿಗೆ ತೇಗ ಅಥವಾ ಹಲಸಿನ ಚೇಗು (ನಡುವಿನ ಗಟ್ಟಿ ಮರ). ತೋಟದ್ದೇ ಆದರೂ ತೇಗ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊನ್ನೆ ಬಾಳುತ್ತದೆ, ಆದರೆ ಭಾರ.

ಸಿಲ್ವರ್ ಓಕನ್ನು ಒಂದಿಂಚಿನ ಹಲಗೆಯಾಗಿ ಕೊಯ್ಸಿ, ನಡುನಡುವೆ ರೀಪು ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿ. ಗಾಳಿಯಲ್ಲಿ ಒಣಗಲು ಇಂಚಿಗೆ ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ಹುಳಕ್ಕೆ ಹತ್ತು ಲೀಟರ್ ಬಿಸಿನೀರಿಗೆ 200 ಗ್ರಾಂ ಬೋರಿಕ್ ಆಮ್ಲ, 300 ಗ್ರಾಂ ಬೋರಾಕ್ಸ್ ಕರಗಿಸಿ, ಕೈಗವಸು ಹಾಕಿಕೊಂಡು ಎರಡು ಮೂರು ಸಲ ಬಳಿದು ಒಣಗಿಸಿ. ಬೋರಾನ್ ನೀರಿನಲ್ಲಿ ತೊಳೆದು ಹೋಗುತ್ತದೆ, ಹಾಗಾಗಿ ಮಳೆ ಬೀಳುವ ಮರಕ್ಕೆ ಇದು ರಕ್ಷಣೆಯಲ್ಲ.

ಪ್ರಶ್ನೆ: ಕಳೆದ ವರ್ಷ ಎಲ್ಲ ಕೂಡುಗೆರೆಗೂ ಸಿಲಿಕೋನ್ ಹಾಕಿಸಿದ್ದೆವು. ಆಷಾಢದ ಮಳೆಗೆ ಮತ್ತೆ ಸೋರಿತು. ಇನ್ನೊಂದು ಪದರ ಹಾಕಿಸಲೇ? – ಸಕಲೇಶಪುರ

ಇನ್ನೊಂದು ಪದರ ಹಾಕಿಸಿದರೆ ಮುಂದಿನ ವರ್ಷವೂ ಇದೇ ಪ್ರಶ್ನೆ ಕಳಿಸುತ್ತೀರಿ. ಬಾತ್‌ರೂಮಿನ ಸಿಲಿಕೋನ್ ನಿಂತ ಗೋಡೆಗಾಗಿ ಇರುವಂಥದ್ದು. ರಸ್ತೆಯಲ್ಲಿ ಕುಲುಕುವ, ಬಿಸಿಲಿಗೆ ಹಿಗ್ಗುವ ತಗಡಿನ ಅಂಚಲ್ಲಿ ಅದು ಒಂದು ಬದಿಯಿಂದ ಎದ್ದು ಬರುತ್ತದೆ. ಎದ್ದ ಸಂದಿನಲ್ಲಿ ನೀರು ನಿಲ್ಲುತ್ತದೆ. ಹಾಕುವಾಗ ವಿನೆಗರ್ ವಾಸನೆ ಬರುವ ಬಗೆಯಾದರೆ ಬರಿ ಅಲ್ಯೂಮಿನಿಯಂ ಅನ್ನು ಕೊರೆಯಲೂಬಹುದು. ಸಿಲಿಕೋನ್ ಜಿಡ್ಡಿನ ಮೇಲೆ ಬಣ್ಣವಾಗಲಿ, ಸಂದು ಮುಚ್ಚುವ ಬೇರೆ ಸೀಲೆಂಟ್ ಆಗಲಿ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಅಂಟುವುದಿಲ್ಲ.

ಮೂಲೆಯ ಮೋಲ್ಡಿಂಗ್ ಪಟ್ಟಿಯನ್ನೇ (ತಗಡುಗಳ ಕೂಡುಗೆರೆ ಮುಚ್ಚುವ ಪಟ್ಟಿಯನ್ನೇ) ಬಿಚ್ಚಬೇಕು. ತುಕ್ಕು ಹಿಡಿದ ಸ್ಕ್ರೂ ತಲೆ ಮುರಿದರೆ ಡ್ರಿಲ್ ಮಾಡಿ ತೆಗೆಯಿರಿ. ಪ್ಲಾಸ್ಟಿಕ್ ಕೆರೆಯುವ ಚೂರಿಯಿಂದ ಸಿಲಿಕೋನ್ ತೆಗೆದು, ಸಿಲಿಕೋನ್ ರಿಮೂವರ್ ಹಚ್ಚಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ನೀರು ಚಿಮುಕಿಸಿದಾಗ ಹನಿಗಟ್ಟದೆ ತೆಳುವಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ. ಹಳೆ ಸ್ಕ್ರೂ ತೂತುಗಳಿಗೆ ಎಪಾಕ್ಸಿ ತುಂಬಿ, ಹೊಸದಾಗಿ ತೂತು ಕೊರೆಯಿರಿ. ಪಟ್ಟಿಯ ಅಡಿಗೆ 20–25 ಮಿ.ಮೀ. ಅಗಲದ ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಇಟ್ಟು ಸ್ಟೇನ್‌ಲೆಸ್ ಸ್ಕ್ರೂಗಳನ್ನು ನಡುವಿನಿಂದ ಅಂಚಿಗೆ ಹದವಾಗಿ ಬಿಗಿಯಿರಿ. ಬ್ಯುಟೈಲ್ ನಿಧಾನವಾಗಿ ಹಿಂಡಿ ಹೊರಬರುತ್ತದೆ, ಮಾರನೇ ದಿನ ಇನ್ನೊಂದು ಸುತ್ತು ಬಿಗಿದು, ಹೊರಬಂದದ್ದನ್ನು ಮರದ ಚಕ್ಕೆಯಿಂದ ತೆಗೆಯಿರಿ. ಈ ಎರಡನೇ ಬಿಗಿತವನ್ನೇ ಮೆಕ್ಯಾನಿಕ್‌ಗಳು ಮರೆಯುವುದು. ಕೊನೆಗೆ ಮೇಲಂಚಿಗೆ ಮಾತ್ರ ಪಿಯು (ಪಾಲಿಯುರೆಥೇನ್) ಸೀಲೆಂಟ್‌ನ ತೆಳು ಗೆರೆ ಎಳೆಯಿರಿ. ಕೆಳಂಚನ್ನು ಮುಚ್ಚಬೇಡಿ, ಅಪ್ಪಿತಪ್ಪಿ ಒಳಹೋದ ನೀರಿಗೆ ಹೊರದಾರಿ ಬೇಕು. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ತೇವದಲ್ಲಿ ನೇರ ತಾಗಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಪ್ರತಿ ಸ್ಕ್ರೂ ಎಳೆಗೂ ಚೂರು ಬ್ಯುಟೈಲ್ ಸುತ್ತಿದರೆ ಸವೆತ ತಡೆಯುವುದು, ನೀರು ತಡೆಯುವುದು ಎರಡೂ ಆಯಿತು.

ಪರೀಕ್ಷೆಗೆ ಮಳೆ ಕಾಯಬೇಕಿಲ್ಲ. ಕಿಟಕಿ, ಗಾಳಿಕಿಂಡಿ ಎಲ್ಲ ಟೇಪ್ ಹಚ್ಚಿ ಮುಚ್ಚಿ, ಒಂದು ಕಿಂಡಿಯಲ್ಲಿ ಬ್ಲೋವರ್ ಇಟ್ಟು ಒಳಗೆ ಗಾಳಿ ತುಂಬಿ. ಹೊರಗಿನ ಕೂಡುಗೆರೆಗಳಿಗೆ ಸೋಪಿನ ನೀರು ಬಳಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಬ್ಲೋವರ್ ಸಿಗದಿದ್ದರೆ ಪೈಪಿನ ನೀರು. ಕೆಳಗಿನಿಂದ ಶುರು ಮಾಡಿ, ಒಂದು ಮಟ್ಟಕ್ಕೆ ಹತ್ತು ನಿಮಿಷ, ಆಮೇಲೆ ಒಂದಡಿ ಮೇಲಕ್ಕೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಮೇಲಿನಿಂದಲೇ ಸುರಿದರೆ ಎಲ್ಲವೂ ಒದ್ದೆಯಾಗಿ ಸೋರಿದ್ದು ಎಲ್ಲಿ ಎಂಬುದೇ ತಿಳಿಯದು.

ಪ್ರಶ್ನೆ: ಗಂಟೆಗೆ 60 ಕಿ.ಮೀ. ದಾಟಿದರೆ ಕ್ಯಾರವಾನ್ ಬಾಲ ಬೀಸುತ್ತದೆ. ಟೈರ್ ಹೊಸದು, ಆಕ್ಸಲ್ ನೇರವಾಗಿದೆ ಎಂದು ಟಿಂಕರ್ ಹೇಳುತ್ತಾರೆ. ಒಟ್ಟು ತೂಕ 700 ಕೆ.ಜಿ. ಕಾರಣವೇನು? – ಹಾಸನ

ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ: ಅಡುಗೆ ಕಟ್ಟೆ, 40 ಲೀಟರ್ ನೀರಿನ ಟ್ಯಾಂಕು, ಬ್ಯಾಟರಿ ಮೂರನ್ನೂ ಹಿಂಬದಿಗೆ ಹಾಕಿಸಿದ್ದಾಗಿ. ಕಾರಣ ಅದೇ ಇರಬೇಕು. ಆಕ್ಸಲ್‌ನ ಹಿಂದೆ ತೂಕ ಹೆಚ್ಚಾದಷ್ಟೂ ಮೂತಿ (ಕಾರಿಗೆ ಸಿಕ್ಕಿಸುವ ಮುಂತುದಿ) ಹಗುರವಾಗಿ, ಕಾರಿನ ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಆಗ ಸಣ್ಣ ಗಾಳಿಗೂ, ಪಕ್ಕದಲ್ಲಿ ಬಸ್ ಹೋದರೂ ಗಾಡಿ ಲೋಲಕದಂತೆ ತೂಗುತ್ತದೆ.

ಪ್ರವಾಸಕ್ಕೆ ಹೊರಡುವಂತೆಯೇ ಸಾಮಾನು ತುಂಬಿ, ಮಟ್ಟಸ ನೆಲದ ಮೇಲೆ, ಕಾರಿನ ಕೊಂಡಿಯಷ್ಟೇ ಎತ್ತರಕ್ಕೆ ಮರದ ತುಂಡು ನಿಲ್ಲಿಸಿ, ಅದರಡಿ ಮನೆಯಲ್ಲಿ ತೂಕ ನೋಡುವ ಯಂತ್ರ ಇಟ್ಟು ಮೂತಿಯನ್ನು ಅದರ ಮೇಲೆ ಇಳಿಸಿ. 700 ಕೆ.ಜಿ. ಗಾಡಿಗೆ 50ರಿಂದ 70 ಕೆ.ಜಿ. ಇರಬೇಕು. ಆದರೆ ಕಾರಿನ ಕೊಂಡಿಗೆ ನಮೂದಿಸಿದ ಮಿತಿ ಮೀರಬಾರದು. ಲಾರಿ ತೂಗುವ ವೇ ಬ್ರಿಡ್ಜ್ ಒಟ್ಟು ತೂಕಕ್ಕೆ ಸರಿ, ಮೂತಿಯ ತೂಕಕ್ಕೆ ಅದರ ಸೂಕ್ಷ್ಮತೆ ಸಾಲದು. ಬ್ಯಾಟರಿ ಮತ್ತು ಟ್ಯಾಂಕನ್ನು ಆಕ್ಸಲ್‌ನ ನೇರಕ್ಕೆ ಅಥವಾ ತುಸು ಮುಂದಕ್ಕೆ ತನ್ನಿ. ಹಿಂದೆ ಭಾರ ಇಟ್ಟು ಮುಂದೆ ಅಷ್ಟೇ ಭಾರ ಇಟ್ಟು ಸರಿದೂಗಿಸುವುದು ಪರಿಹಾರವಲ್ಲ. ಎರಡು ತುದಿಯಲ್ಲೂ ತೂಕ ಇದ್ದರೆ ಬೀಸು ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟ.

ಕೊಂಡಿಯನ್ನೂ ಅಳೆಯಿರಿ. ಹಳೆಯ ಬ್ರಿಟಿಷ್ ಗಾಡಿಗಳ ಮೂತಿಯ ಕೊಂಡಿ ಎರಡಿಂಚಿನ, ಅಂದರೆ 50.8 ಮಿ.ಮೀ. ಗುಂಡು (ಕಾರಿನ ಕೊಂಡಿಯ ಮೇಲಿನ ಲೋಹದ ಚೆಂಡು) ಹಿಡಿಯುವಂತೆ ಮಾಡಿದ್ದಿರಬಹುದು. ಈಗ ಸಿಗುವ ಗುಂಡು 50 ಮಿ.ಮೀ. ಕಣ್ಣಿಗೆ ಒಂದೇ, ಹಿಡಿತ ಸಡಿಲ. ವರ್ನಿಯರ್ (ಮಿ.ಮೀ.ನ ಭಾಗವನ್ನೂ ಅಳೆಯುವ ಸಾಧನ) ಹಿಡಿದು ನೋಡದೆ ನಂಬಬೇಡಿ.

ಬೀಸು ಶುರುವಾದಾಗ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಶಿರಾಡಿ, ಚಾರ್ಮಾಡಿ ಇಳಿಯುವಾಗ ಘಾಟಿ ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಬ್ರೇಕ್ ಕಾದು ಹಿಡಿತ ಬಿಟ್ಟ ಮೇಲೆ ಗೇರ್ ಇಳಿಸುವುದು ತಡವಾಯಿತು. ಕಾರಿನ ಕೈಪಿಡಿಯಲ್ಲಿ ಎಳೆಯಬಹುದಾದ ತೂಕ ನಮೂದಿಸಿಲ್ಲವೆಂದರೆ ಆ ಕಾರು ಈ ಕೆಲಸಕ್ಕಲ್ಲ.

ಪ್ರಶ್ನೆ: ಇಪ್ಪತ್ತು ವರ್ಷ ನಿಂತಿದ್ದ ಗಾಡಿಯ ಬೇರಿಂಗ್ ಬದಲಿಸಲೇಬೇಕೇ? ಚಕ್ರ ಸಲೀಸಾಗಿ ತಿರುಗುತ್ತದೆ. – ಬೇಲೂರು

ಬಿಚ್ಚದೆ ಹೇಳಲಾಗದು. ಹಬ್ (ಚಕ್ರದ ನಡುಭಾಗ) ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ರೋಲರ್ ಮೇಲೆ ಸಣ್ಣ ಗುಂಡಿ, ತುಕ್ಕಿನ ಗೆರೆ, ಕಾದ ನೀಲಿ ಬಣ್ಣ ಯಾವುದು ಕಂಡರೂ ಬದಲಿಸಿ. ನಂಬರ್ ಉಂಗುರದ ಮೇಲೇ ಕೊರೆದಿರುತ್ತದೆ, ಅದನ್ನು ಹೇಳಿದರೆ ಬೇರಿಂಗ್ ಅಂಗಡಿಯವರು ಕೊಡುತ್ತಾರೆ. ಹೊರ ಉಂಗುರವನ್ನೂ ಸೇರಿಸಿ ಜೊತೆಯಾಗಿಯೇ ಹಾಕಬೇಕು. ಹೊಸ ಆಯಿಲ್ ಸೀಲ್, ಲಿಥಿಯಂ ಇಪಿ-2 ಗ್ರೀಸ್. ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಸಡಿಲಿಸಿ, ಮತ್ತೆ ಬರಿಗೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. 15 ಕಿ.ಮೀ. ಓಡಿಸಿ ನಿಲ್ಲಿಸಿ ಹಬ್ ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ. ಹಳೆ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಧೂಳನ್ನು ಏರ್ ಹೊಡೆದು ಊದಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಟೈರಿನ ಪಕ್ಕದ ನಾಲ್ಕಂಕಿ ನೋಡಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗುಬ್ಬಿ ಸವೆಯದಿದ್ದರೂ ಏಳು ವರ್ಷ ದಾಟಿದ್ದನ್ನು ಕ್ಯಾರವಾನ್‌ಗೆ ನಂಬಬಾರದು. ನಿಂತಲ್ಲೇ ಸಾಯುವ ಟೈರುಗಳೇ ಜಾಸ್ತಿ.

ಪ್ರಶ್ನೆ: ಚಳಿ ತಡೆಯಲು ಗೋಡೆಯೊಳಗೆ ಥರ್ಮಾಕೋಲ್ ಅಂಟಿಸಿದರೆ ಆಗದೇ? – ಕಳಸ

ಆಗುತ್ತದೆ, ಎರಡು ಎಚ್ಚರಿಕೆಯೊಂದಿಗೆ. ರೆಕ್ಸಿನ್, ಸನ್‌ಮೈಕಾಕ್ಕೆ ಹಚ್ಚುವ ರಬ್ಬರ್ ಅಂಟಿನ ಥಿನ್ನರ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ, ನೀರು ಬೆರೆಯುವ ಅಂಟು ಅಥವಾ ಪಿಯು ಫೋಮ್ ಬಳಸಿ. ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. ವಿದ್ಯುತ್ ತಂತಿಯ ಪಿವಿಸಿ ಹೊದಿಕೆ ಥರ್ಮಾಕೋಲ್‌ಗೆ ತಾಗಿಕೊಂಡೇ ಇದ್ದರೆ ಹೊದಿಕೆಯ ಮೆದುತನ ಕ್ರಮೇಣ ಹೋಗಿ, ಅದು ಗಡುಸಾಗಿ ಸೀಳುತ್ತದೆ. ತಂತಿ ಪೈಪಿನೊಳಗೇ ಹೋಗಲಿ. ಥರ್ಮಾಕೋಲ್‌ಗಿಂತ 25 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ಫೋಮ್) ಹಾಳೆ ಮೇಲು, ಅದು ನೀರು ಕುಡಿಯುವುದಿಲ್ಲ. ಗ್ಲಾಸ್ ವೂಲ್ (ಗಾಜಿನ ನಾರಿನ ಹಾಸು) ಮಲೆನಾಡಿಗೆ ಬೇಡವೇ ಬೇಡ.

ಪ್ರಶ್ನೆ: ಎಷ್ಟು ದೊಡ್ಡ ಸೋಲಾರ್ ಬೇಕು? ಹಿಂದಿನ ದೀಪಗಳ ತಂತಿ ಬಣ್ಣಗಳೂ ಗೊಂದಲವಾಗಿವೆ. – ಬಾಳೆಹೊನ್ನೂರು

ಲೆಕ್ಕ ಹಾಕಿ. 4 ವಾಟಿನ ಮೂರು ಎಲ್‌ಇಡಿ ಐದು ಗಂಟೆ, 60 ವಾಟ್-ಅವರ್. 15 ವಾಟಿನ ಫ್ಯಾನ್ ಎಂಟು ಗಂಟೆ, 120. ಎರಡು ಮೊಬೈಲ್ 30. ನೀರಿನ ಪಂಪ್ 10. ದಿನಕ್ಕೆ 220. 12 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸುಮಾರು 640 ವಾಟ್-ಅವರ್ ಹಿಡಿಯುತ್ತದೆ, ಎರಡು ದಿನಕ್ಕೆ ಸಾಕು. ಇಷ್ಟೇ ಕೆಲಸಕ್ಕೆ ಲೆಡ್ ಬ್ಯಾಟರಿಯಾದರೆ 100 ಆಂಪಿಯರ್-ಅವರ್‌ನದು ಬೇಕು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ, ತೂಕವೂ ಹಲವು ಪಟ್ಟು. ಜನವರಿ ಬಿಸಿಲಿಗೆ 100 ವಾಟ್ ಪ್ಯಾನೆಲ್ ಒಂದು ಸಾಕು. ಜುಲೈನಲ್ಲಿ ನಿಮ್ಮೂರಲ್ಲಿ ಎಷ್ಟು ಪ್ಯಾನೆಲ್ ಇದ್ದರೂ ಮೋಡವೇ ಗೆಲ್ಲುವುದು. ಆಗ ಓಡುವ ಕಾರಿನಿಂದಲೇ ಡಿಸಿ-ಡಿಸಿ ಚಾರ್ಜರ್ (ಕಾರಿನ ವಿದ್ಯುತ್ತಿನಿಂದ ಇನ್ನೊಂದು ಬ್ಯಾಟರಿ ತುಂಬಿಸುವ ಸಾಧನ) ಮೂಲಕ ತುಂಬಿಸಿಕೊಳ್ಳಬೇಕು. ಪ್ಯಾನೆಲನ್ನು ಚಾವಣಿಗೆ ಸ್ಕ್ರೂ ಹೊಡೆಯದೆ ಐದು ಮೀಟರ್ ತಂತಿಯೊಂದಿಗೆ ಬಿಡಿಯಾಗಿ ಇಟ್ಟುಕೊಳ್ಳಿ. ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಚಾವಣಿಗೆ ಹೊಸ ತೂತೂ ಇಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಕಡ್ಡಾಯ.

ಕಾರಿಗೂ ಕ್ಯಾರವಾನ್‌ಗೂ ನಡುವಿನ ಏಳು ಪಿನ್ನಿನ ಪ್ಲಗ್‌ನ ಸಾಮಾನ್ಯ ಜೋಡಣೆ ಹೀಗೆ: 1 ಹಳದಿ, ಎಡ ಇಂಡಿಕೇಟರ್; 2 ನೀಲಿ, ಮಂಜಿನ ದೀಪ; 3 ಬಿಳಿ, ಅರ್ತ್; 4 ಹಸಿರು, ಬಲ ಇಂಡಿಕೇಟರ್; 5 ಕಂದು, ಬಲ ಟೇಲ್; 6 ಕೆಂಪು, ಬ್ರೇಕ್; 7 ಕಪ್ಪು, ಎಡ ಟೇಲ್. ಹಳೆ ಗಾಡಿಯಲ್ಲಿ ಯಾರೋ ಬಣ್ಣ ಬದಲಿಸಿರಬಹುದು, ಟೆಸ್ಟ್ ಲ್ಯಾಂಪ್ ಹಿಡಿದೇ ಜೋಡಿಸಿ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಿಣುಕಿದರೆ ಬಿಳಿ ತಂತಿಯ ಹಿಡಿತವನ್ನೇ ಮೊದಲು ನೋಡಿ.

ಪ್ರಶ್ನೆ: ಒಳಗೆ ಗ್ಯಾಸ್ ಒಲೆ ಇಡಬಹುದೇ? – ಅರಸೀಕೆರೆ

ಹೊರಗೆ ಅಡುಗೆ ಮಾಡುವುದು ಉತ್ತಮ. ಒಳಗೇ ಬೇಕೆಂದರೆ 5 ಕೆ.ಜಿ. ಸಿಲಿಂಡರ್ ಹೊರಬಾಗಿಲಿರುವ, ಒಳಕ್ಕೆ ಸಂದಿಲ್ಲದ ಪ್ರತ್ಯೇಕ ಪೆಟ್ಟಿಗೆಯಲ್ಲಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ತಳಕ್ಕೂ ಒಲೆ ಇರುವ ಕೋಣೆಯ ನೆಲಮಟ್ಟಕ್ಕೂ ತೆರೆದ ಕಿಂಡಿ ಬೇಕು. ಗ್ಯಾಸ್ ಅಲಾರಂ ಕೂಡ ನೆಲದ ಹತ್ತಿರವೇ. ಐಎಸ್‌ಐ ಗುರುತಿನ ಹೋಸ್ ಐದು ವರ್ಷಕ್ಕೊಮ್ಮೆ ಬದಲಿಸಿ. ಚಳಿಯೆಂದು ಆ ಕಿಂಡಿಗೆ ಬಟ್ಟೆ ತುರುಕಬಾರದು, ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ತರಲೇಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದು.

ಪ್ರಶ್ನೆ: ದಾಖಲೆ ಇಲ್ಲದ ಹಳೆ ಕ್ಯಾರವಾನ್ ರಸ್ತೆಗಿಳಿಸಬಹುದೇ? – ಚಿಕ್ಕಮಗಳೂರು

ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, 39ನೇ ಕಲಂ ಪ್ರಕಾರ ನೋಂದಣಿ ಬೇಕು. ದಾಖಲೆ ಇದ್ದರೂ 52ನೇ ಕಲಂ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಉದ್ದ, ಆಕ್ಸಲ್, ಚಾಸಿಸ್ ಮುಟ್ಟುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಚಾಸಿಸ್ ನಂಬರ್ ಕೊರೆದ ಜಾಗವನ್ನು ಗ್ರೈಂಡರ್ ಹಿಡಿದವರಿಗೆ ಮೊದಲೇ ತೋರಿಸಿ, ಟೇಪ್ ಅಂಟಿಸಿಡಿ.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ನಿಲ್ಲಿಸಿಟ್ಟರೆ ಒಳಗೆಲ್ಲ ಬೂಷ್ಟು. ಟಾರ್ಪಾಲಿನ್ ಸುತ್ತಿದರೂ ಪ್ರಯೋಜನವಿಲ್ಲ. – ಕೊಟ್ಟಿಗೆಹಾರ

ಟಾರ್ಪಾಲಿನ್ ಸುತ್ತಿದ್ದರಿಂದಲೇ ಹೆಚ್ಚಾಗಿರುತ್ತದೆ. ಅದು ತೇವವನ್ನು ಹೊರಬಿಡುವುದಿಲ್ಲ, ಗಾಳಿಗೆ ಬಡಿದು ಬಣ್ಣವನ್ನೂ ಕೆರೆಯುತ್ತದೆ. ಬದಿಗಳು ತೆರೆದ ಶೀಟಿನ ಮಾಡು ಕಟ್ಟಿ, ಚಾವಣಿಗೂ ಶೀಟಿಗೂ ಒಂದಡಿ ಅಂತರ ಬಿಡಿ. ಹಾಸಿಗೆ, ಪರದೆ ಮನೆಯೊಳಗೆ ಹೋಗಲಿ. ಕಪಾಟು, ಮಂಚದ ಅಡಿಯ ಪೆಟ್ಟಿಗೆಗಳ ಬಾಗಿಲು ತೆರೆದಿರಲಿ, ಮೇಲಿನ ಕೆಳಗಿನ ಗಾಳಿಕಿಂಡಿ ಎರಡೂ ತೆರೆದಿರಲಿ. ಮೂತಿಯನ್ನು ತುಸು ಎತ್ತರಿಸಿ ನಿಲ್ಲಿಸಿದರೆ ಬಿದ್ದ ನೀರು ಚಾವಣಿಯಲ್ಲಿ ನಿಲ್ಲದೆ ಹಿಂದಕ್ಕೆ ಹರಿಯುತ್ತದೆ. ಆಕ್ಸಲ್ ಅಡಿ ಸ್ಟ್ಯಾಂಡ್ ಕೊಟ್ಟು ಟೈರಿನ ಭಾರ ಇಳಿಸಿ. ಮೂಲೆಯ ಕಾಲುಗಳು ಅಲುಗಾಟ ತಡೆಯಲಷ್ಟೇ, ಗಾಡಿ ಹೊರಲು ಅಲ್ಲ. ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಅದನ್ನು ಸಡಿಲಿಸಿ ಚಕ್ರಕ್ಕೆ ಅಡ್ಡಗಲ್ಲು ಕೊಡಿ.

ಅಕ್ಕಿ, ಉಪ್ಪು, ಬಾಳೆಗೊನೆ, ಹಲಸಿನ ಹಣ್ಣು ಒಂದು ರಾತ್ರಿಯೂ ಒಳಗಿರಬಾರದು. ಆನೆ ಓಡಾಡುವ ನಿಮ್ಮ ಸೀಮೆಯಲ್ಲಿ ವಾಸನೆ ಹಿಡಿದು ಬಂದರೆ ತೆಳು ಅಲ್ಯೂಮಿನಿಯಂ ತಗಡು ಅದಕ್ಕೊಂದು ಅಡ್ಡಿಯೇ ಅಲ್ಲ. ಇಲಿಗೆ ಮಾತ್ರ ಉಪಾಯ ಸುಲಭ: ತಂತಿ, ಪೈಪು ಹೊರಬರುವ ತೂತುಗಳಿಗೂ ಗಾಳಿಕಿಂಡಿಗಳಿಗೂ 6 ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಜಾಲರಿ ಒಳಬದಿಯಿಂದ ಬಿಗಿಯಿರಿ. ಪ್ಲಾಸ್ಟಿಕ್ ಸೊಳ್ಳೆಜಾಲರಿ ಹಾಕಿದರೆ ಇಲಿ ಅದನ್ನು ಕಡಿದು ಒಳಬರುತ್ತದೆ.